ಬೇಸಿಗೆಯಲ್ಲಿ ಕಟ್ಟಡ ಕೆಲಸ: ಮೇಸ್ತ್ರಿಗಳು, ಗುತ್ತಿಗೆದಾರರು ಮಾಡಬೇಕಾದ್ದು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ, ರಾಯಚೂರು ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಸಮಯ ಬದಲಿಸಿಕೊಳ್ಳುತ್ತವೆ. ನೆರಳಲ್ಲಿ ಕೂತವರಿಗೇ ಹೀಗಿರುವಾಗ ಸ್ಲ್ಯಾಬ್ ಮೇಲೆ ಕಂಬಿ ಕಟ್ಟುವವರು ಮಟಮಟ ಮಧ್ಯಾಹ್ನ ಯಾಕೆ ಬೇಯಬೇಕು? ಬೆಳಿಗ್ಗೆ 6ಕ್ಕೇ ಕೆಲಸ ಹಚ್ಚಿ. 12ರಿಂದ 4ರವರೆಗೆ ನಿಲ್ಲಿಸಿ.

ಬಿಡುವಿನ ವಿಷಯದಲ್ಲಿ 'ಸುಸ್ತಾದ್ರೆ ಕೂತ್ಕೊಳ್ಳಿ' ಅಂದರೆ ಸಾಲದು. ದಿನಗೂಲಿಯವರು ತಾವಾಗಿ ಕೂರುವುದಿಲ್ಲ, ನಾಳೆ ಕರೆಯದೆ ಬಿಟ್ಟಾರು ಅನ್ನುವ ಭಯ ಇರುತ್ತದೆ, ಚದರಡಿ ಲೆಕ್ಕದ ಕೆಲಸವಾದರಂತೂ ಕೇಳುವುದೇ ಬೇಡ. ಹಾಗಾಗಿ ಗಂಟೆ ನೋಡಿ ಮೇಸ್ತ್ರಿಯೇ ಎಲ್ಲರನ್ನೂ ಇಳಿಸಬೇಕು, ಆ ಹೊತ್ತಿನ ಕೂಲಿ ಹಿಡಿಯಬಾರದು. ನೆರಳಿಗೆ ಟಾರ್ಪಾಲು ಕಟ್ಟಿ, ಎರಡು ಕಡೆ ಗಾಳಿಗೆ ಬಿಡಿ. ತಗಡಿನ ಶೆಡ್ಡು ನೆರಳಲ್ಲ, ಒಳಗೆ ಇನ್ನೂ ಜಾಸ್ತಿ ಕಾವು.

ನೀರು ಕೆಳಗೆ ಡ್ರಮ್ಮಿನಲ್ಲಿದ್ದರೆ ಎರಡನೇ ಮಹಡಿಯವರು ಇಳಿದು ಬರುವುದಿಲ್ಲ. ಮೇಲಕ್ಕೇ ಕಳಿಸಿ. 15-20 ನಿಮಿಷಕ್ಕೊಂದು ಲೋಟ, ಬಾಯಾರಿಕೆ ಆಗುವವರೆಗೆ ಕಾಯಬಾರದು. ಬೆವರು ಜಾಸ್ತಿ ಹೋಗುವ ಕೆಲಸವಾದರೆ ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕೊಡಿ. ಒಂದು ಮಾತು: ಸೈಟಿನಲ್ಲಿ ಶೌಚಾಲಯ ಇಲ್ಲದಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎಷ್ಟು ಕ್ಯಾನ್ ತರಿಸಿದರೂ ಪ್ರಯೋಜನವಿಲ್ಲ. ಮೊದಲು ಅದನ್ನು ಮಾಡಿಸಿ.

ಹೊಸಬರ ಮೇಲೆ ಕಣ್ಣಿರಲಿ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಬಿಸಿಲಲ್ಲಿ ಮಾಮೂಲಿ ಹೊತ್ತಿನ ಐದನೇ ಒಂದು ಭಾಗ ಮಾತ್ರ ಕೆಲಸ ಕೊಟ್ಟು, ದಿನಾ ಅಷ್ಟಷ್ಟೇ ಏರಿಸಿ. ಜಾತ್ರೆ, ಮದುವೆ ಅಂತ ಊರಿಗೆ ಹೋಗಿ ವಾರಗಟ್ಟಲೆ ಬಿಟ್ಟು ಬಂದ ಹಳಬರನ್ನೂ ಬಂದ ದಿನವೇ ಕಾಂಕ್ರೀಟ್ ಹೊರಲು ಹಚ್ಚಬೇಡಿ. ಒಬ್ಬೊಬ್ಬರನ್ನೇ ಎಲ್ಲೂ ಬಿಡಬೇಡಿ, ಜೋಡಿ ಮಾಡಿ. ತನಗೆ ತಲೆ ತಿರುಗುತ್ತಿರುವುದು ಅವರಿಗೇ ಗೊತ್ತಾಗದೆ ಹೋಗಬಹುದು, ಜೊತೆಯವರಿಗೆ ಕಾಣುತ್ತದೆ.

ತಲೆನೋವು, ವಾಕರಿಕೆ, ಕಾಲು ಸೆಳೆತ ಅಂದವರನ್ನು ನೆರಳಿಗೆ ಕೂರಿಸಿ ನೀರು ಕೊಡಿ, ಒಂಟಿಯಾಗಿ ಬಿಡಬೇಡಿ. ಆದರೆ ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಮೈ ಕಾದು ಕುಸಿದು ಬಿದ್ದರೆ ಅದು ಜೀವಕ್ಕೆ ಕುತ್ತು. ಬೆವರು ಬರ್ತಿದೆ, ಏನೂ ಆಗಲ್ಲ ಅಂದುಕೊಳ್ಳಬೇಡಿ, ದುಡಿಯುವವರಿಗೆ ಬೆವರುತ್ತಿರುವಾಗಲೂ ಇದು ಬಡಿಯುತ್ತದೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಕಾಯದೆ ನೆರಳಿಗೆ ಎಳೆದು, ಹೊರಬಟ್ಟೆ ಸಡಿಲಿಸಿ, ಕ್ಯೂರಿಂಗ್ ಪೈಪಿನಲ್ಲಿ ಬಿಸಿನೀರು ಹರಿದುಹೋಗಲು ಬಿಟ್ಟು ತಣ್ಣೀರು ಬಂದ ಮೇಲೆ ಮೈಗೆಲ್ಲ ಹಾಯಿಸಿ ಗಾಳಿ ಬೀಸಿ. ಎಚ್ಚರ ಸರಿಯಾಗಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ನೀರು ಹಾಯಿಸುತ್ತಲೇ ಇರಿ.