ಹಳೇ ಹಾರ್ಮನಿ ಗಿಟಾರ್, ಅಮ್ಮನ ಕುಕ್ಕರ್: ನನ್ನ ಅನುಭವ

ಹಾರ್ಮನಿ ಕಂಪನಿಯ ಸಾವರಿನ್ ಅನ್ನೋ ಗಿಟಾರಿನ ನೆಕ್ಕನ್ನು, ಅಂದರೆ ತಂತಿ ಒತ್ತಿ ನುಡಿಸುವ ಉದ್ದ ಹಿಡಿಯನ್ನು, ಪ್ರೆಶರ್ ಕುಕ್ಕರಿನ ಆವಿಯಲ್ಲಿ ಬಿಚ್ಚಿ, ಕೋನ ಸರಿಮಾಡಿ, ವಾಪಸ್ ಅಂಟಿಸಿದ್ದೇನೆ. ಒಂದಲ್ಲ, ಮೂರು ಗಿಟಾರ್. ಮೂರೂ ಇವತ್ತಿಗೂ ಗಟ್ಟಿಯಾಗಿವೆ. "ಅದು ಆಗೋ ಕೆಲಸ ಅಲ್ಲ ಗುರು" ಅಂದವರೇ ಈಗ ಫೋನ್ ಮಾಡಿ "ಪೈಪ್ ಎಷ್ಟು ದಪ್ಪದ್ದು?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಶಿಕಾಗೋ ಹತ್ತಿರ. ಹಾರ್ಮನಿ ಈ ಊರಿನದೇ ಕಂಪನಿ. 1892ರಲ್ಲಿ ಶುರುವಾಗಿ 1975ರಲ್ಲಿ ಮುಚ್ಚಿತು, ನಡುವೆ ಕೆಲವು ವರ್ಷ ಸಿಯರ್ಸ್ ಅನ್ನೋ ದೊಡ್ಡ ಅಂಗಡಿಯವರ ಕೈಯಲ್ಲೂ ಇತ್ತು. ಹಾಗಾಗಿ ಇಲ್ಲಿ ಎಸ್ಟೇಟ್ ಸೇಲ್‌ಗಳಿಗೆ (ತೀರಿಕೊಂಡವರ ಮನೆ ಸಾಮಾನಿನ ಮಾರಾಟ) ಹೋದರೆ ಯಾವುದೋ ಬೇಸ್‌ಮೆಂಟಿನ ಮೂಲೆಯಲ್ಲಿ, ಹಳೇ ಸೂಟ್‌ಕೇಸ್‌ಗಳ ಪಕ್ಕ ಒಂದು ಹಾರ್ಮನಿ ಒರಗಿರುತ್ತದೆ. ಮಾರ್ಟಿನ್, ಗಿಬ್ಸನ್‌ನಂಥ ಹೆಸರುವಾಸಿ ಕಂಪನಿಗಳ ಹಳೇ ಗಿಟಾರ್ ಸಿಗುವುದು ಅಪರೂಪ. ಸಿಕ್ಕರೂ ಬೆಲೆ ಕೇಳಿ ನಮಸ್ಕಾರ ಹೇಳಿ ಬರಬೇಕು. ಸಾವರಿನ್‌ನ ಎಚ್1260 ಮಾಡೆಲ್ ಮಾತ್ರ ನನಗೆ ನೂರೈವತ್ತು ಡಾಲರ್ ಆಸುಪಾಸಿಗೆ ಸಿಕ್ಕಿದೆ, ಯಾಕೆಂದರೆ ಆಕ್ಷನ್, ಅಂದರೆ ಬೆರಳೊತ್ತುವ ಫಿಂಗರ್‌ಬೋರ್ಡಿನಿಂದ ತಂತಿಯ ಎತ್ತರ, ಅಷ್ಟು ಜಾಸ್ತಿ ಇರುತ್ತದೆ. ಐವತ್ತು ಅರವತ್ತು ವರ್ಷ ತಂತಿ ಎಳೆದೂ ಎಳೆದೂ ನೆಕ್ ಮುಂದಕ್ಕೆ ಬಾಗಿರುತ್ತದೆ. ಕೊಳ್ಳಲು ಬಂದವರು ಎಲ್ಲ ತಂತಿ ಒಟ್ಟಿಗೆ ಒತ್ತಬೇಕಾದ ಒಂದು ಎಫ್ ಕಾರ್ಡ್ ಹಿಡಿದು ನೋಡಿ, ಕೈ ಒದರಿಕೊಂಡು ಹೋಗುತ್ತಾರೆ. ಆದರೆ ಮೇಲೆ ಇಡೀ ಸ್ಪ್ರೂಸ್ ಹಲಗೆ, ಹಿಂದೆ ಪಕ್ಕದಲ್ಲಿ ಇಡೀ ಮಹಾಗನಿ. ಈಗ ಆ ದುಡ್ಡಿಗೆ ಪ್ಲೈವುಡ್ ಬರುತ್ತದೆ ಅಷ್ಟೆ.

ಹೀಗೆ ನೆಕ್ ಬಿಚ್ಚಿ ಕೋನ ಸರಿಮಾಡುವ ನೆಕ್ ರೀಸೆಟ್‌ಗೆ ಇಲ್ಲಿನ ಒಬ್ಬ ರಿಪೇರಿಯವರು ಆರುನೂರು ಡಾಲರ್ ಕೇಳಿದರು. "ಇದಕ್ಕೆ ಅಷ್ಟು ಹಾಕಬೇಡಿ, ಗೋಡೆಗೆ ನೇತುಹಾಕಿ" ಅಂತ ಬುದ್ಧಿನೂ ಹೇಳಿದರು. ಅವತ್ತೇ ನನಗೆ ಹಟ ಬಂತು.

ಈ ಮೂರಕ್ಕೂ ಮುಂಚೆ ಕೈ ಹಾಕಿದ್ದು ಹಾಳಾಯಿತು. ಬೇರೆ ಯಾರ ತಪ್ಪೂ ಅಲ್ಲ, ನನ್ನದೇ. ಆವಿ ಜಾಸ್ತಿ ಹೊತ್ತು ಬಿಟ್ಟೆ, ನೆಕ್ ಬಿಚ್ಚಲೇ ಇಲ್ಲ, ಇನ್ನೊಂದು ಹತ್ತು ನಿಮಿಷ ಬಿಟ್ಟೆ. ಮೇಲಿನ ಪಾಲಿಶ್ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಒಳಗಿನ ಆಸರೆ ಪಟ್ಟಿ, ಅಂದರೆ ಬ್ರೇಸ್, ಎರಡು ಕಳಚಿ ಬಿದ್ದವು. ಕೊನೆಗೆ ಕೈಯಲ್ಲಿ ಎಳೆದಾಗ ಹೀಲ್ (ನೆಕ್ ಬಾಡಿಗೆ ಸೇರುವ ಬುಡ) ಸೀಳಿ ಬಂತು. ನೋಡಿದರೆ ಒಳಗೆ ಯಾರೋ ಪುಣ್ಯಾತ್ಮರು ಎಪಾಕ್ಸಿ ಸುರಿದಿದ್ದಾರೆ. ಹಳೇ ಪ್ರಾಣಿಜನ್ಯ ಅಂಟು ಆವಿಗೆ ಕರಗುತ್ತದೆ, ಎಪಾಕ್ಸಿ ಜಗ್ಗುವುದಿಲ್ಲ. ನೂರಾನಲವತ್ತು ಡಾಲರ್ ನೀರಿಗೆ. ಈಗ ಹೀಲ್ ಸುತ್ತ ಟಾರ್ಚ್ ಬಿಟ್ಟು ನೋಡದೆ ನಾನು ಜೇಬಿಗೆ ಕೈ ಹಾಕುವುದಿಲ್ಲ. ಸಂದಿನಲ್ಲಿ ಗಾಜಿನ ಹಾಗೆ ಹೊಳೆಯುವ ಅಂಟು ಕಂಡರೆ ಅಲ್ಲಿಂದಲೇ ವಾಪಸ್.

ಇನ್ನು ಕುಕ್ಕರ್ ವಿಷಯ. ಎಸ್ಪ್ರೆಸೋ ಮಷೀನಿನಿಂದ ಆವಿ ಬಿಡುವವರಿದ್ದಾರೆ, ನಾನೂ ಒಂದು ಹಳೇದು ತಂದು ನೋಡಿದೆ. ಎರಡು ನಿಮಿಷ ಬಂದು ನಿಂತುಹೋಗುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಅಮ್ಮ ಬೆಂಗಳೂರಿನಿಂದ ಹೊತ್ತು ತಂದಿದ್ದ ಮೂರು ಲೀಟರ್ ಕುಕ್ಕರ್. ವೆಯ್ಟ್ ತೆಗೆದು, ಆ ಕೊಳವೆಗೆ ಸಿಲಿಕೋನ್ ಪೈಪ್ ತೂರಿಸಿ, ಇನ್ನೊಂದು ತುದಿಗೆ ಬಾಸ್ಕೆಟ್‌ಬಾಲ್‌ಗೆ ಗಾಳಿ ತುಂಬುವ ಸೂಜಿ. ಪೈಪಿಗೆ ಕ್ಲಿಪ್ ಹಾಕಿ ಬಿಗಿಯಬೇಡಿ. ಸೂಜಿ ಕಟ್ಟಿಕೊಂಡರೆ ಪೈಪ್ ತಾನಾಗಿ ಕಳಚಿಕೊಳ್ಳಬೇಕು. ಒಮ್ಮೆ ಕಳಚಿಕೊಂಡು ನನ್ನ ಮುಂಗೈ ಸುಟ್ಟಿತು, ಆದರೂ ಕುಕ್ಕರ್ ಸಿಡಿಯುವುದಕ್ಕಿಂತ ವಾಸಿ ಅಲ್ವಾ. ಸೇಫ್ಟಿ ವಾಲ್ವ್ ಹೊಸದು ಹಾಕಿಕೊಳ್ಳಿ. ಕೈಗೆ ದಪ್ಪ ಗ್ಲೌಸ್ ಇರಲಿ.

ಬಾಡಿ ಮೇಲಿರುವ ಫಿಂಗರ್‌ಬೋರ್ಡ್ ಭಾಗವನ್ನು ಮೊದಲು ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿಮಾಡಿ ತೆಳು ಚಾಕುವಿನಿಂದ ಬಿಡಿಸಿ. ಅದರ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, 15ನೇದನ್ನು ಕಿತ್ತು, ಆ ಸೀಳಿನಲ್ಲೇ ಎರಡು ಮಿಲಿಮೀಟರ್ ತೂತು. ಸೂಜಿ ಡವ್‌ಟೇಲ್‌ನ, ಅಂದರೆ ನೆಕ್ ಬಾಡಿಯೊಳಗೆ ಕೂರುವ ಬೆಣೆಯಾಕಾರದ ಕೀಲಿನ, ತುದಿಯಲ್ಲಿರುವ ಸಣ್ಣ ಟೊಳ್ಳಿಗೆ ಇಳಿಯಬೇಕು. ಮರಕ್ಕೆ ಚುಚ್ಚಿದರೆ ಕೆಟ್ಟಿತು. ಆ ಟೊಳ್ಳು ಎಲ್ಲಿದೆ ಅಂತ ಒಂದೇ ಸಲಕ್ಕೆ ಹುಡುಕುವುದಕ್ಕೆ ನನ್ನದೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಆರೇಳು ನಿಮಿಷಕ್ಕೆ ಹೀಲ್ ಸಂದಿಯಿಂದ ಕಂದು ನೀರು ಜಿನುಗುತ್ತದೆ. ಒದ್ದೆ ಚರ್ಮದ ವಾಸನೆ ಬರುತ್ತದೆ, ಅಡುಗೆಮನೆಯಿಂದ "ರೀ, ಏನ್ರೀ ಅದು ನಾತ?" ಅಂತ ಕೂಗು ಬರುತ್ತದೆ. ಆಗ ಹೀಲನ್ನು ಮೆಲ್ಲಗೆ ಮೇಲಕ್ಕೆ ಒತ್ತಿದರೆ "ಕ್ಳಕ್" ಅಂತ ಬಿಟ್ಟುಕೊಡುತ್ತದೆ. ಆ ಸದ್ದು ಕೇಳುವುದಕ್ಕೇ ಇನ್ನೊಂದು ಗಿಟಾರ್ ಕೊಂಡೆ ಅಂದರೂ ತಪ್ಪಿಲ್ಲ.

ಆಮೇಲೆ ಕನಿಷ್ಠ ಒಂದು ವಾರ ಒಣಗಲಿ. ಎರಡನೇ ಗಿಟಾರಿನಲ್ಲಿ ಮೂರೇ ದಿನಕ್ಕೆ ಅಂಟಿಸಿ, ತಿಂಗಳೊಳಗೆ ಮತ್ತೆ ಬಿಚ್ಚಬೇಕಾಯಿತು. ಹೀಲಿನ ತುದಿಯಲ್ಲಿ ಒಂದೂವರೆ ಮಿಲಿಮೀಟರ್ ಮರ ಉಜ್ಜಿ ತೆಗೆದರೆ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕಟ್ಟುವ ಮರದ ಪಟ್ಟಿ) ಹತ್ತಿರ ಸುಮಾರು ಐದು ಮಿಲಿಮೀಟರ್ ವ್ಯತ್ಯಾಸ ಸಿಗುತ್ತದೆ. ನನ್ನದರಲ್ಲಿ 12ನೇ ಫ್ರೆಟ್ ಹತ್ತಿರ ಐದು ಇದ್ದ ಆಕ್ಷನ್ ಎರಡೂವರೆಗೆ ಇಳಿಯಿತು. ಉಜ್ಜು ಕಾಗದ ಎಳೆದೂ ಎಳೆದೂ ಬೆರಳು ಸವೆಯುತ್ತದೆ, ಅವಸರ ಮಾಡಿದರೆ ನೆಕ್ ಪಕ್ಕಕ್ಕೆ ವಾಲುತ್ತದೆ. ಡವ್‌ಟೇಲ್ ಸಡಿಲವಾದ ಕಡೆ ತೆಳು ಮಹಾಗನಿ ಚೂರು ಇಟ್ಟು, ಅಂಟಿಲ್ಲದೇ ಬಿಗಿಯಾಗಿ ಕೂರುವ ತನಕ ತಿದ್ದಿ.

ಒಂದರಲ್ಲಿ ಬ್ರಿಡ್ಜೇ ಸೀಳಿತ್ತು. ಮಲೆನಾಡಿನ ಅಜ್ಜಿ ಮನೆಯ ಮುರಿದ ಮಂಚದ ಬೀಟೆ ಕಾಲಿನ ಒಂದು ತುಂಡು ನನ್ನ ಹತ್ತಿರ ಇತ್ತು, ಅದರಲ್ಲೇ ಹೊಸದು ಕೆತ್ತಿದೆ. ಯಾರೋ "ಬ್ರೆಜಿಲ್ ರೋಸ್‌ವುಡ್ ಅಲ್ಲದಿದ್ದರೆ ಬೆಲೆ ಬೀಳುತ್ತೆ" ಅಂದರು. ಬೀಳಲಿ. ಮಾರ್ಟಿನ್‌ನವರೇ 1969ರಲ್ಲಿ ಬ್ರೆಜಿಲ್ ಮರ ಬಿಟ್ಟು ನಮ್ಮ ಬೀಟೆಗೆ, ಅಂದರೆ ಇಂಡಿಯನ್ ರೋಸ್‌ವುಡ್‌ಗೆ, ಬಂದರಲ್ಲ. ಬ್ರೆಜಿಲ್ ಮರ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತಾರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ಅದಿರುವ ಗಿಟಾರ್ ಊರಿಗೆ ಒಯ್ಯಬೇಕಾದರೆ ಕಾಗದಪತ್ರ ಕೇಳುತ್ತಾರೆ.

ನಡುವೆ ಎಲೆಕ್ಟ್ರಿಕ್ ಹುಚ್ಚೂ ಹತ್ತಿತ್ತು. ಡ್ಯಾನೆಲೆಕ್ಟ್ರೋ ಕಂಪನಿಯವರು ಸಿಯರ್ಸ್‌ಗೆ ಮಾಡಿಕೊಟ್ಟ ಸಿಲ್ವರ್‌ಟೋನ್ ಗಿಟಾರ್ ಒಂದು ತಂದೆ. ಬಾಡಿ ಹಾರ್ಡ್‌ಬೋರ್ಡ್, ತಂತಿಯ ಸದ್ದು ಹಿಡಿಯುವ ಪಿಕಪ್ ಲಿಪ್‌ಸ್ಟಿಕ್ ಕೊಳವೆಯೊಳಗೆ. ಅದರ ಸದ್ದು ತೆಳ್ಳಗೆ, ಚುರುಕಾಗಿ ಚೆನ್ನಾಗಿಯೇ ಇತ್ತು, ಆದರೆ ಬಿಚ್ಚುವುದಕ್ಕೆ ಬರೀ ಸ್ಕ್ರೂ ಸಾಕು. ಬೇಜಾರಾಯಿತು, ಗೆಳೆಯನಿಗೆ ಕೊಟ್ಟೆ.

ಲೆಕ್ಕ ಕೇಳುವವರಿಗೆ: ಹಾಳಾದದ್ದು, ಕಾಫಿ ಮಷೀನು, ಉಪಕರಣ ಎಲ್ಲ ಸೇರಿ ಏಳುನೂರು ಎಂಟುನೂರು ಡಾಲರ್ ಹೋಗಿರಬೇಕು. ಗಿಟಾರ್‌ಗಳ ಬೆಲೆ ಬೇರೆ. ಒಂದನ್ನು ಆರುನೂರೈವತ್ತಕ್ಕೆ ಮಾರಿದೆ. ಬೀಟೆ ಬ್ರಿಡ್ಜಿನದ್ದಕ್ಕೆ ಅದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದರು, ಕೊಡಲಿಲ್ಲ. ಅದರ ಒಳಗೆ ಫೋನ್ ಕ್ಯಾಮೆರಾ ಇಳಿಸಿದರೆ 64 ಅಂತ ಮಾಸಿದ ವರ್ಷದ ಮುದ್ರೆ ಕಾಣುತ್ತದೆ. ಒಳಗೆ ಏಣಿಯ ಹಾಗೆ ಅಡ್ಡಪಟ್ಟಿ, ಆದ್ದರಿಂದ ಸ್ವರ ಒಣಗಿದಂತೆ, ತಟ್ಟನೆ ಎದ್ದು ತಟ್ಟನೆ ಇಳಿಯುತ್ತದೆ. ಬೆರಳಲ್ಲಿ ನುಡಿಸುವವರಿಗೆ ಹಬ್ಬ. ಕಳೆದ ಸಲ ಕನ್ನಡ ಕೂಟದಲ್ಲಿ ಭಾವಗೀತೆಗೆ ಇದನ್ನೇ ಹಿಡಿದು ಕೂತೆ. "ಆಗೋ ಕೆಲಸ ಅಲ್ಲ" ಅಂದಿದ್ದ ಮಹಾಶಯ ಎದುರುಗಡೆಯೇ ಇದ್ದ. ಮುಗಿದ ಮೇಲೆ ಬಂದು ಹೀಲ್ ಹತ್ತಿರ ಉಗುರು ಆಡಿಸಿ ಸಂದು ಹುಡುಕಿದ. ಸಿಗಲಿಲ್ಲ.

ಕುಕ್ಕರ್ ಮಾತ್ರ ಮತ್ತೆ ಅಡುಗೆಮನೆಗೆ ಬರುವ ಹಾಗಿಲ್ಲ ಅಂತ ಆರ್ಡರ್ ಆಗಿದೆ.