ಜಪಾನಿನ ಬುಟ್ಟಿಗೆ ನಮ್ಮ ದೋಸೆ ಹಿಟ್ಟು: ಮನೇಲೇ ತಕಾಕುರಾ ಗೊಬ್ಬರ ಮಾಡೋದು ಹೇಗೆ

ಹೋದ ಮಳೆಗಾಲದಲ್ಲಿ ನಮ್ಮ ಬೀದೀಲಿ ಮೂರು ಮನೆಯವರು ಅಡುಗೆಮನೆ ಕಸದಿಂದ ಗೊಬ್ಬರ ಮಾಡೋಕೆ ಶುರು ಮಾಡಿದ್ರು, ಮೂವರೂ ತಿಂಗಳೊಳಗೆ ಕೈಬಿಟ್ರು. ಕೇಳಿದ್ರೆ ಎಲ್ಲರದ್ದೂ ಒಂದೇ ಮಾತು, ನಾತ ತಡೆಯೋಕಾಗಲ್ಲ ಅಂತ. ಡಬ್ಬ ತೆಗೆಸಿ ನೋಡಿದೆ, ಮೂರರಲ್ಲೂ ನೀರು ಜಾಸ್ತಿ, ಗಾಳಿ ಇಲ್ಲ. ಇಷ್ಟು ಸರಿಮಾಡಿಕೊಂಡ್ರೆ ಕೆಲಸ ಮುಗೀತು, ಅದಕ್ಕೇ ಈ ಲೇಖನ.

ನಾನು ಮಾಡೋದು ತಕಾಕುರಾ ಬುಟ್ಟಿ, ಅಂದ್ರೆ ಗಾಳಿ ಆಡೋ ಬುಟ್ಟೀಲಿ ಅಡುಗೆಮನೆ ಕಸಾನ ಗೊಬ್ಬರ ಮಾಡೋ ವಿಧಾನ. ಇದು ಬಂದ ದಾರಿ ತಿಳ್ಕೊಂಡ್ರೆ ಮಾಡೋದೂ ಸುಲಭ ಆಗುತ್ತೆ. ಇಂಡೋನೇಷ್ಯಾದ ಎರಡನೇ ದೊಡ್ಡ ಊರು ಸುರಬಾಯ. ಅಲ್ಲಿ ಕೆಪುತಿಹ್ ಅನ್ನೋ ಕಡೆ ಊರಿನ ಕಸ ಎಲ್ಲಾ ಸುರೀತಿದ್ರು, ಸುತ್ತಲಿನ ಜನ ತಿರುಗಿಬಿದ್ದು 2001ರಲ್ಲಿ ಅದನ್ನ ಮುಚ್ಚಿಸಿದ್ರು, ಕಸ ಬೀದಿಬೀದೀಲಿ ರಾಶಿ ಬಿತ್ತು. ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಮಂಡೂರಿನ ಜನ ಹೋರಾಡಿ 2014ರ ಕೊನೇಲಿ ಕಸದ ಲಾರಿ ನಿಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ಸುರಬಾಯದ ನೆರವಿಗೆ ಬಂದಿದ್ದು ಜಪಾನಿನ ಕಿಟಕ್ಯೂಷು. ಒಂದು ಕಾಲಕ್ಕೆ ಕಾರ್ಖಾನೆ ಕೊಳೆಯಿಂದ ತನ್ನ ಕೊಲ್ಲಿಗೇ ಸತ್ತ ಸಮುದ್ರ ಅನ್ನೋ ಹೆಸರು ತಂದ್ಕೊಂಡಿದ್ದ ಊರು ಅದು, ಅಲ್ಲಿನ ಹೆಣ್ಮಕ್ಕಳು ಮೊದಲು ದನಿ ಎತ್ತಿ, ಆಮೇಲೆ ಎಲ್ಲರೂ ಸೇರಿ ಚೊಕ್ಕ ಮಾಡಿದ್ರು. ಅಲ್ಲಿಂದ ಕೋಜಿ ತಕಾಕುರಾ ಅನ್ನೋ ತಜ್ಞರು 2004ರ ಹೊತ್ತಿಗೆ ಸುರಬಾಯಕ್ಕೆ ಹೋಗಿ, ಪುಸ್ದಾಕೋಟ ಅನ್ನೋ ಅಲ್ಲಿನ ಸಂಸ್ಥೆ ಜೊತೆ ಕೂತು ಈ ವಿಧಾನ ಕಂಡುಹಿಡಿದ್ರು. ನನಗೆ ಇದರಲ್ಲಿ ಬಹಳ ಇಷ್ಟ ಆಗಿದ್ದು ಏನಂದ್ರೆ ಅವರು ಜಪಾನಿಂದ ಮಷೀನು, ಪುಡಿ ಹೊತ್ಕೊಂಡು ಹೋಗಲಿಲ್ಲ, ನೀವು ದಿನಾ ತಿನ್ನೋ ಹುದುಗಿದ ಪದಾರ್ಥದಲ್ಲೇ ಬೇಕಾದ ಸೂಕ್ಷ್ಮಜೀವಿ ಇದೆ ಅಂತ ಸೋಯಾಕಾಳು ಹುದುಗಿಸಿ ಮಾಡೋ ಟೆಂಪೆ, ಮರಗೆಣಸು ಹುದುಗಿಸಿ ಮಾಡೋ ತಾಪೆ ಇಂಥವನ್ನೇ ಬಳಸಿದ್ರು. ನಗರಪಾಲಿಕೆ ಸಾವಿರಾರು ಮನೆಗೆ ಬುಟ್ಟಿ ಹಂಚಿತು, ಕೆಲವೇ ವರ್ಷದಲ್ಲಿ ಊರಿನ ಕಸ 20 ಪರ್ಸೆಂಟ್‌ಗಿಂತ ಜಾಸ್ತಿ ಇಳೀತು. ಆಮೇಲೆ ಫಿಲಿಪ್ಪೀನ್ಸ್, ಮಲೇಷ್ಯಾಗೂ ಹೋಯ್ತು. ಅಲ್ಲಿ ಟೆಂಪೆ ಆದ್ರೆ ನಮಗೆ ದೋಸೆ ಹಿಟ್ಟು, ಅಷ್ಟೇ ವ್ಯತ್ಯಾಸ.

ಮೊದಲು ಹುಳಿನೀರು, ಅಂದ್ರೆ ಬೇಕಾದ ಸೂಕ್ಷ್ಮಜೀವಿ ಬೆಳೆಸೋ ನೀರು. ನಲ್ಲಿ ನೀರಾದ್ರೆ ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋಗಲಿ. ನಾಲ್ಕು ಲೀಟರ್ ನೀರಿಗೆ ಒಂದು ಮುಷ್ಟಿ ಬೆಲ್ಲ, ಒಂದು ಸೌಟು ಹುಳಿ ಬಂದ ದೋಸೆ ಹಿಟ್ಟು, ಎರಡು ಚಮಚ ಮೊಸರು. ಮುಚ್ಚಳ ಸಡಿಲ ಇರಲಿ, ಬಿಗಿ ಮಾಡಿದ್ರೆ ಗ್ಯಾಸ್ ತುಂಬಿ ಸಿಡಿಯುತ್ತೆ. ಇನ್ನೊಂದು ಪಾತ್ರೇಲಿ ಅಷ್ಟೇ ನೀರು, ಒಂದು ಚಮಚ ಉಪ್ಪು, ತರಕಾರಿ ಮತ್ತು ಹಣ್ಣಿನ ಸಿಪ್ಪೆ. ನಾಲ್ಕೈದು ದಿನ ಬಿಡಿ. ಸಿಹಿಹುಳಿ ವಾಸನೆ ಬಂದ್ರೆ ಸರಿ, ಕೊಳೆತ ವಾಸನೆ ಬಂದ್ರೆ ಚೆಲ್ಲಿ ಮತ್ತೆ ಮಾಡಿ.

ಅಂಗಡೀಲಿ ಇದೇ ಸೂಕ್ಷ್ಮಜೀವೀನ ಕಲ್ಚರ್ ಅಂತ ಬಾಟಲಿ, ಪ್ಯಾಕೆಟ್‌ನಲ್ಲಿ ಮಾರ್ತಾರೆ, ಖಂಡಿತ ಬೇಡ, ದುಡ್ಡು ದಂಡ. ಕಂಪೋಸ್ಟಬಲ್ ಅಂತ ಬರೆದಿರೋ ಕೈಚೀಲಾನೂ ಬುಟ್ಟಿಗೆ ಹಾಕ್ಬೇಡಿ. ಅವು ಹೆಚ್ಚಾಗಿ ದೊಡ್ಡ ಘಟಕದ ಬಿಸಿಗೆ ಕರಗೋಕೆ ಮಾಡಿದ್ದು, ಮನೆ ಬುಟ್ಟೀಲಿ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ.

ಈಗ ಎಲ್ಲರೂ ಎಡವೋ ಜಾಗ, ಹಾಸು ಮಾಡೋದು. ಹಾಸು ಅಂದ್ರೆ ಬುಟ್ಟೀಲಿ ಕಸ ಬೆರೆಸೋಕೆ ಮೊದಲೇ ತುಂಬಿಡೋ ತೌಡು, ಹೊಟ್ಟಿನ ಮಿಶ್ರಣ. ದನದ ಮೇವು ಮಾರೋ ಬೂಸಾ ಅಂಗಡೀಲಿ ಅಕ್ಕಿ ತೌಡು ಕೇಳಿ, ಮಿಲ್ಲಿಂದ ಭತ್ತದ ಹೊಟ್ಟು ತನ್ನಿ. ಎರಡೂ ಅಳತೇಲಿ ಸಮ ಇರಲಿ, ತೂಕದಲ್ಲಲ್ಲ, ಬಕೆಟ್‌ಗೆ ಬಕೆಟ್. ಹೊಟ್ಟು ನೀರು ಹೀರಲ್ಲ, ತೌಡು ಹೀರುತ್ತೆ, ಅದಕ್ಕೇ ಎರಡನ್ನೂ ಒಣಗಿದ್ದಾಗಲೇ ಚೆನ್ನಾಗಿ ಬೆರೆಸ್ಕೊಳ್ಳಿ. ಆಮೇಲೆ ಎರಡೂ ಹುಳಿನೀರನ್ನ ಸೋಸಿ, ಸ್ವಲ್ಪ ಸ್ವಲ್ಪವೇ ಚಿಮುಕಿಸ್ತಾ ಕೈಯಲ್ಲಿ ಕಲಸಿ, ಅವಲಕ್ಕಿಗೆ ನೀರು ಚಿಮುಕಿಸ್ತೀವಲ್ಲ ಹಾಗೆ. ಒಂದೇ ಸಲ ಸುರಿದ್ರೆ ತೌಡು ಉಂಡೆ ಕಟ್ಟುತ್ತೆ, ಉಂಡೆ ಒಳಗೆ ಗಾಳಿ ಹೋಗಲ್ಲ, ಅಲ್ಲಿಂದಲೇ ನಾತ ಶುರು. ಉಂಡೆ ಸಿಕ್ಕಿದ್ರೆ ಬೆರಳಲ್ಲಿ ಪುಡಿ ಮಾಡಿ. ಹತ್ತು ನಿಮಿಷ ಬಿಟ್ಟು, ತೌಡು ನೀರು ಕುಡಿದ ಮೇಲೆ ಮುಷ್ಟಿ ಪರೀಕ್ಷೆ ಮಾಡಿ. ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ. ಬೆರಳ ಸಂದೀಲಿ ಒಂದು ಹನಿಯೂ ಬರಬಾರದು, ಕೈ ಬಿಚ್ಚಿದ್ರೆ ಮುದ್ದೆ ನಿಲ್ಲಬೇಕು, ಬೆರಳಲ್ಲಿ ತಿವಿದ್ರೆ ಎರಡ್ಮೂರು ತುಂಡಾಗಿ ಒಡೀಬೇಕು. ಹನಿ ಬಂತಾ, ಹೊಟ್ಟು ಹಾಕಿ. ಮುದ್ದೇನೇ ನಿಲ್ಲಲಿಲ್ವಾ, ಇನ್ನೊಂಚೂರು ನೀರು. ಮಾಡಿದ ಹುಳಿನೀರೆಲ್ಲಾ ಖರ್ಚಾಗಲೇಬೇಕು ಅಂತ ಹಟ ಬೇಡ, ಮಳೆಗಾಲದಲ್ಲಂತೂ ಅರ್ಧವೂ ಬೇಕಾಗಲ್ಲ.

ಇದನ್ನ ನೆರಳಲ್ಲಿ ಗುಡ್ಡೆ ಮಾಡಿ ಗೋಣಿಚೀಲ ಮುಚ್ಚಿ. ತೆಳ್ಳಗೆ ಹರಡಬೇಡಿ, ಬಿಸಿ ಏರಲ್ಲ. ಮಾರನೇ ದಿನ ಕೈ ಇಟ್ರೆ ಬೆಚ್ಚಗಿರುತ್ತೆ, ಆಮೇಲೆ ಸುಡುತ್ತೆ, ಮೇಲೆಲ್ಲಾ ಬಿಳಿ ಬೂಷ್ಟು ಬರುತ್ತೆ. ಬೂಷ್ಟು ನೋಡಿ ಹಾಳಾಯ್ತು ಅಂತ ಅಷ್ಟನ್ನೂ ಎಸೆದವರನ್ನ ನಾನು ಕಣ್ಣಾರೆ ನೋಡಿದ್ದೀನಿ, ಹೊಟ್ಟೆ ಉರೀತು. ಆ ಬಿಳಿ ಬಂದ್ರೇನೇ ನಿಮ್ಮ ಕೆಲಸ ಗೆದ್ದಂಗೆ. ದಿನಕ್ಕೊಮ್ಮೆ ತಿರುವಿ, ನಾಲ್ಕೈದು ದಿನಕ್ಕೆ ಬಿಸಿ ಇಳಿದ ಮೇಲೆ ಹರಡಿ ಆರಿಸಿ.

ಬುಟ್ಟಿ ಸುಲಭ. ಬಟ್ಟೆ ಒಗೆಯೋಕೆ ಹಾಕ್ತೀವಲ್ಲ, ಸುತ್ತ ತೂತಿರೋ ಪ್ಲಾಸ್ಟಿಕ್ ಬುಟ್ಟಿ, ಅದರೊಳಗೆ ರಟ್ಟು, ತಳಕ್ಕೆ ಹೊಟ್ಟು ತುಂಬಿದ ತೆಳು ಬಟ್ಟೆ ಚೀಲ, ಅರ್ಧಕ್ಕಿಂತ ಸ್ವಲ್ಪ ಮೇಲೆ ಹಾಸು, ಮೇಲೆ ಹತ್ತಿ ಬಟ್ಟೆ ಬಿಗಿಯಾಗಿ. ಬಟ್ಟೆ ಸಡಿಲ ಇದ್ರೆ ನೊಣ ಹೋಗುತ್ತೆ. ಮುಚ್ಚಿದ ಬಕೆಟ್ ಬೇಡವೇ ಬೇಡ. ಗಾಳಿ ಇಲ್ಲದೆ ಕೊಳೆತ್ರೆ ಮೀಥೇನ್ ಬರುತ್ತೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನ ಬಿಸಿ ಮಾಡುತ್ತೆ. ಕಸದ ಗುಡ್ಡದಲ್ಲಿ ಆಗೋದೂ ಅದೇ, ಅದನ್ನ ಮನೆಗೆ ತಂದಿಟ್ಕೊಂಡು ಏನು ಪ್ರಯೋಜನ.

ದಿನಾ ಒಂದು ಕೆಜಿವರೆಗೂ ಕಸ ಹಾಕಬಹುದು, ಸಣ್ಣಗೆ ಹೆಚ್ಚಿ, ನಡುವೆ ಗುಂಡಿ ಮಾಡಿ, ಹಾಸಿನ ಜೊತೆ ಕೆದಕಿ ಬೆರೆಸಿ. ಸಾರು, ಹುಳಿ, ಮಜ್ಜಿಗೆ ಅಂಥ ನೀರಿನ ಪದಾರ್ಥ ಹಾಕಲೇಬೇಡಿ, ಮಿಕ್ಕಿದ ಅನ್ನಾನ ಹಿಂಡಿ ಹಾಕಿ. ಕಾಫಿ ಚರಟ ಭೇಷ್. ಹುಣಸೆ ಬೀಜ, ತೆಂಗಿನ ಚಿಪ್ಪು, ಮೂಳೆ ಕರಗಲ್ಲ. ಸ್ವಲ್ಪ ವಾಸನೆ ಬಂದ್ರೆ ಎರಡು ದಿನ ಕಸ ನಿಲ್ಲಿಸಿ, ಒಣ ತೌಡು, ಹೊಟ್ಟು ಹಾಕಿ ಚೆನ್ನಾಗಿ ಕೆದಕಿ.

ಎರಡ್ಮೂರು ತಿಂಗಳಿಗೆ ಬುಟ್ಟಿ ತುಂಬುತ್ತೆ. ಅರ್ಧ ತೆಗೆದು ಗೋಣಿಚೀಲದಲ್ಲಿ ಮೂರ್ನಾಲ್ಕು ವಾರ ಇಟ್ಟು ಗಿಡಕ್ಕೆ ಹಾಕಿ, ಉಳಿದರ್ಧ ಬುಟ್ಟೀಲೇ ಮುಂದಿನ ಕಸಕ್ಕೆ ಇರಲಿ. ಪಕ್ಕದ ಮನೆಯವರು ಕೇಳಿದ್ರೆ ಅದರಲ್ಲೇ ಒಂದು ಬಾಂಡ್ಲಿ ಹಾಸು ಕೊಡಿ, ಅವರು ತೌಡು, ಹೊಟ್ಟು ಕಲಸಿ ಅದನ್ನ ಬೆರೆಸಿದ್ರೆ ಸಾಕು, ಹುಳಿನೀರು ಮಾಡೋ ಕೆಲಸಾನೇ ಇರಲ್ಲ. ಮುಷ್ಟಿ ಪರೀಕ್ಷೆ ಮಾತ್ರ ನೀವೇ ಹೋಗಿ ನಿಂತು ತೋರಿಸಿ, ಬಾಯಲ್ಲಿ ಹೇಳಿದ್ರೆ ಯಾರಿಗೂ ಅಂದಾಜು ಸಿಗಲ್ಲ.