ನನ್ನ ಆಟಕ್ಕೆ ಒಗ್ಗುವ ಪೇಂಟ್‌ಬಾಲ್ ಗನ್ ಆರಿಸಿಕೊಂಡದ್ದು ಹೀಗೆ

ಪೇಂಟ್‌ಬಾಲ್ ಅಂದರೆ ಗಾಳಿಯ ಒತ್ತಡದಿಂದ ಬಣ್ಣ ತುಂಬಿದ ಗುಂಡು ಹಾರಿಸಿ, ಎದುರಾಳಿಗೆ ತಾಗಿಸಿ ಔಟ್ ಮಾಡುವ ಆಟ. ಅದರ ಗನ್ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ: ‘ಯಾವುದು ಜಾಸ್ತಿ ದೂರ ಹೊಡೆಯುತ್ತೆ?’ ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಆಟಕ್ಕಿಳಿಯುವ ಮೊದಲು ಎಲ್ಲರ ಗನ್ನನ್ನೂ ಕ್ರೋನೋಗ್ರಾಫ್ ಮುಂದೆ ಹಿಡಿದು ವೇಗ ನೋಡುತ್ತಾರೆ. ಹೊರಾಂಗಣದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 280ರಿಂದ 300 ಅಡಿಯ ಮಿತಿ, ಒಳಾಂಗಣದಲ್ಲಿ ಅದಕ್ಕಿಂತ ಕಡಿಮೆ. ಬಾಡಿಗೆಗೆ ಕೊಡುವ ಹಳೇ ಗನ್ನಿಗೂ ಅದೇ ಮಿತಿ, ಟೂರ್ನಮೆಂಟ್ ಆಡುವವರ ದುಬಾರಿ ಗನ್ನಿಗೂ ಅದೇ ಮಿತಿ. ಒಂದೇ ಗಾತ್ರದ, ಒಂದೇ ತೂಕದ ಗುಂಡು ಒಂದೇ ವೇಗದಲ್ಲಿ ಹೊರಟರೆ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ಕೆಲವು ಬ್ಯಾರಲ್‌ಗಳು (ನಳಿಗೆಗಳು) ಮತ್ತು ಬಾಲದಲ್ಲಿ ರೆಕ್ಕೆಯಿರುವ ಫಸ್ಟ್ ಸ್ಟ್ರೈಕ್ ಗುಂಡುಗಳು ಮಾತ್ರ ಇದಕ್ಕೆ ಅಪವಾದ.

ಹಾಗಾದರೆ ಹೆಚ್ಚು ದುಡ್ಡು ಕೊಟ್ಟಾಗ ಸಿಗುವುದೇನು? ಸದ್ದು ಕಡಿಮೆ, ಒದೆತ ಕಡಿಮೆ, ತೂಕ ಕಡಿಮೆ, ಟ್ರಿಗರ್ ಹಗುರ, ಗುಂಡು ಒಳಗೇ ಒಡೆಯುವ ಕಾಟ ಕಡಿಮೆ. ಇವುಗಳಲ್ಲಿ ಯಾವುದು ನಮಗೆ ಬೇಕು, ಯಾವುದು ಬರೀ ಶೋಕಿ ಎನ್ನುವುದು ಮೈದಾನದಲ್ಲಿ ನಾವು ಎಲ್ಲಿ ನಿಂತು ಏನು ಮಾಡುತ್ತೇವೆ ಎಂಬುದರ ಮೇಲೆ ಹೋಗುತ್ತದೆ.

ನಾನು ಸಾಕಷ್ಟು ಕಾಲ ಬಾಡಿಗೆ ಗನ್ನಿನಲ್ಲೇ ಆಡಿದೆ. ಆ ದಿನಗಳಲ್ಲಿ ಪ್ರತಿ ಆಟ ಮುಗಿದಾಗ ಎರಡು ವಿಷಯ ಗಮನಿಸುವ ಅಭ್ಯಾಸ ಮಾಡಿಕೊಂಡೆ: ಗನ್ನಿನ ಮೇಲೆ ಗುಂಡು ತುಂಬುವ ಡಬ್ಬಿಯಲ್ಲಿ, ಅಂದರೆ ಹಾಪರ್‌ನಲ್ಲಿ, ಎಷ್ಟು ಗುಂಡು ಉಳಿದಿದೆ, ಔಟಾಗುವಾಗ ಏಟು ಎಲ್ಲಿ ಬಿತ್ತು. ಸಾಮಾನ್ಯ ಹಾಪರ್ ಸುಮಾರು 200 ಗುಂಡು ಹಿಡಿಯುತ್ತದೆ. ನನ್ನದು ಹೆಚ್ಚಿನ ಸಲ ಅರ್ಧವೂ ಖಾಲಿಯಾಗಿರುತ್ತಿರಲಿಲ್ಲ. ಏಟು ಬೀಳುತ್ತಿದ್ದದ್ದು ಮೈಮೇಲಲ್ಲ, ಹಾಪರ್ ಮೇಲೆ! ಬಹುತೇಕ ಕಡೆ ಗನ್ನಿಗೆ ಬಿದ್ದರೂ ಔಟೇ. ತಗ್ಗು ಬಂಕರ್ (ಮರೆಗೆಂದು ಇಟ್ಟ ಅಡ್ಡ) ಹಿಂದೆ ಮುದುಡಿ ಕೂತು, ತಲೆ ಮೈ ಎಲ್ಲ ಬಚ್ಚಿಟ್ಟುಕೊಂಡರೂ ಗನ್ನಿನ ಮೇಲೆ ಕುಂಬಳಕಾಯಿಯಂತೆ ಕೂತಿದ್ದ ಆ ಡಬ್ಬಿ ಮಾತ್ರ ಹೊರಗೆ ಇಣುಕುತ್ತಿತ್ತು. ಅಂದರೆ ನನ್ನ ಆಟ ಇಂಥದ್ದು: ತೆವಳಿಕೊಂಡು ಮುಂದೆ ಹೋಗುವುದು, ಬದಿಯಿಂದ ಒಂದು ಕ್ಷಣ ಹೊರಬಂದು ಎರಡು ಮೂರು ಗುಂಡು ಹಾರಿಸಿ ಮತ್ತೆ ಒಳಗೆ ಸೇರುವುದು. ನನಗೆ ಬೇಕಿದ್ದದ್ದು ಗುಂಡಿನ ಮಳೆಯಲ್ಲ, ಗಿಡ್ಡನೆಯ, ಹಗುರವಾದ, ಮೇಲೆ ಹೆಚ್ಚು ಉಬ್ಬದ ಗನ್ನು.

ನಮ್ಮ ತಂಡದಲ್ಲೇ ಹಿಂದೆ ನಿಂತು ಆಡುವ ಗೆಳೆಯನ ಲೆಕ್ಕ ಪೂರ್ತಿ ಬೇರೆ. ಅವನು ಎದುರಾಳಿಗಳು ಓಡಿಬರುವ ದಾರಿಗೆ ಗುಂಡಿನ ಸಾಲು ಹಿಡಿದು ನಿಲ್ಲಿಸಬೇಕು, ನಾವು ಮುಂದೆ ಓಡುವಾಗ ಅವರ ತಲೆ ಎತ್ತಲು ಬಿಡಬಾರದು. ಹಾಪರ್ ಖಾಲಿ ಮಾಡಿ, ಸೊಂಟಕ್ಕೆ ಕಟ್ಟಿಕೊಂಡ, ಹೆಚ್ಚುವರಿ ಗುಂಡು ತುಂಬಿದ ಪಾಡ್‌ಗಳನ್ನೂ ಸುರಿದುಕೊಳ್ಳುತ್ತಾನೆ. ಅವನಿಗೆ ಎಲೆಕ್ಟ್ರಾನಿಕ್ ಗನ್ ಮತ್ತು ಬ್ಯಾಟರಿಯಿಂದ ಗುಂಡು ತಳ್ಳುವ ಲೋಡರ್ ನಿಜಕ್ಕೂ ಬೇಕು. ಅವನ ಗನ್ನನ್ನು ನೋಡಿ ನಾನು ಕೊಂಡರೆ, ಅಥವಾ ನನ್ನದನ್ನು ನೋಡಿ ಅವನು ಕೊಂಡರೆ, ಇಬ್ಬರಿಗೂ ದಂಡ.

ಇಷ್ಟು ಗೊತ್ತಾದ ಮೇಲೆ ಒಬ್ಬೊಬ್ಬರ ಗನ್ ಕೇಳಿ ಪಡೆದು ಆಡಿ ನೋಡಿದೆ. ಟಿಪ್‌ಮನ್ 98 ಥರದ ಮೆಕ್ಯಾನಿಕಲ್ ಗನ್ನುಗಳು ಗಟ್ಟಿಮುಟ್ಟು. ಕೆಸರಲ್ಲಿ ಬಿದ್ದರೂ ಒರೆಸಿಕೊಂಡು ಆಡಬಹುದು. ಕಾಡಿನಲ್ಲಿ ದಿನವಿಡೀ ಆಡುವವರಿಗೆ, ಅಪರೂಪಕ್ಕೆ ಆಡಿ ಮೂಲೆಗಿಡುವವರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಒಳಗಿನ ಭಾರದ ಸುತ್ತಿಗೆ ಹಿಂದೆ ಮುಂದೆ ಬಡಿದಾಗ ಗನ್ ಜಗ್ಗುತ್ತದೆ, ಸದ್ದೂ ಜೋರು. ಮುಂದಿನ ಸಾಲಿನಲ್ಲಿ ಒಂಟಿಯಾಗಿ ಅಡಗಿ ಕೂತವನಿಗೆ ಸದ್ದು ದೊಡ್ಡ ಶತ್ರು. ಒಂದು ಗುಂಡು ಹಾರಿಸಿದರೆ ಸಾಕು, ಎಲ್ಲರ ಬ್ಯಾರಲ್ ಈ ಕಡೆ ತಿರುಗುತ್ತದೆ.

ಪಂಪ್ ಗನ್ ನನಗೆ ತುಂಬಾ ಹಿಡಿಸಿತು. ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳಬೇಕು, ಹಾಗಾಗಿ ಗುರಿ ಹಿಡಿಯದೆ ಹೊಡೆಯುವ ಚಟ ತಾನಾಗಿಯೇ ಬಿಡುತ್ತದೆ. ಈ ಆಟ ಶುರುವಾದದ್ದೇ ಹಾಗೆ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಜನ ಮೊದಲ ಸಲ ಆಡಿದಾಗ ಕೈಯಲ್ಲಿದ್ದದ್ದು ಮರಗಳಿಗೆ, ದನಗಳಿಗೆ ಗುರುತು ಹಾಕುವ ನೆಲ್‌ಸ್ಪಾಟ್ 007. ಗೆದ್ದವನು ಒಂದು ಗುಂಡೂ ಹಾರಿಸಿರಲಿಲ್ಲ. ಆದರೂ ಮೊದಲ ಗನ್ನಾಗಿ ಪಂಪ್ ಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಎದುರಿಗಿರುವವರೆಲ್ಲ ಟ್ರಿಗರ್ ಎಳೆದಂತೆಲ್ಲ ಗುಂಡು ಹಾರಿಸುವ ಸೆಮಿ ಆಟೋಮ್ಯಾಟಿಕ್ ಹಿಡಿದಿರುವಾಗ ಬಂಕರ್‌ನಿಂದ ಏಳುವುದೇ ಕಷ್ಟ. ಮ್ಯಾಗಜೀನ್ (ಗನ್ನಿಗೆ ಸಿಕ್ಕಿಸುವ ಗುಂಡಿನ ಪೆಟ್ಟಿಗೆ) ಹಾಕುವ ಗನ್ನುಗಳಲ್ಲಿ ಹಾಪರ್‌ನ ರಗಳೆಯೇ ಇಲ್ಲ, ಕೆಲವದರಲ್ಲಿ ಆ ರೆಕ್ಕೆಯ ಗುಂಡನ್ನೂ ಬಳಸಬಹುದು. ಆದರೆ ಒಂದು ಮ್ಯಾಗಜೀನ್‌ಗೆ ಇಪ್ಪತ್ತರ ಆಸುಪಾಸು ಗುಂಡು, ಆ ಗುಂಡೂ ದುಬಾರಿ. ಸೈನಿಕರ ಥರದ ಸನ್ನಿವೇಶ ಕಟ್ಟಿ ಆಡುವವರಿಗೆ ಅದು ಸರಿ.

ಎಲೆಕ್ಟ್ರಾನಿಕ್ ಗನ್ನಿನ ನಿಜವಾದ ಸುಖ ವೇಗದಲ್ಲಿಲ್ಲ, ಅದರ ‘ಕಣ್ಣಿನಲ್ಲಿ’. ಗುಂಡು ಪೂರ್ತಿ ಒಳಗೆ ಬಂದು ಕೂತಿದೆಯೇ ಎಂದು ಒಂದು ಬೆಳಕಿನ ಕಿರಣ ನೋಡಿದ ಮೇಲೇ ಅದನ್ನು ಬ್ಯಾರಲ್‌ಗೆ ತಳ್ಳುವ ಬೋಲ್ಟ್ ಮುಂದೆ ಹೋಗುತ್ತದೆ. ಅದಿಲ್ಲದಿದ್ದರೆ ಅರ್ಧ ಇಳಿದ ಗುಂಡನ್ನು ಬೋಲ್ಟ್ ಕತ್ತರಿಸಿ, ಒಳಗೆಲ್ಲ ಬಣ್ಣದ ರಾಡಿ. ಆಮೇಲಿನ ಗುಂಡುಗಳು ಎಡಕ್ಕೊಂದು ಬಲಕ್ಕೊಂದು. ವೇಗದ ವಿಷಯಕ್ಕೆ ಬಂದರೆ, ಟೂರ್ನಮೆಂಟ್‌ಗಳಲ್ಲೇ ಸೆಕೆಂಡಿಗೆ ಹತ್ತು ಚಿಲ್ಲರೆ ಗುಂಡಿಗೆ ಕಡಿವಾಣ ಹಾಕಿರುತ್ತಾರೆ, ಮಾಮೂಲಿ ಮೈದಾನಗಳಲ್ಲಿ ಒಂದು ಎಳೆತಕ್ಕೆ ಒಂದೇ ಗುಂಡು ಎನ್ನುವುದೂ ಉಂಟು. ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಕಿಲ್ಲ.

ಕೊನೆಗೆ ನಾನು ಕೊಂಡದ್ದು ಪ್ಲಾನೆಟ್ ಎಕ್ಲಿಪ್ಸ್‌ನ ಎಮೆಕ್. ಮೆಕ್ಯಾನಿಕಲ್ಲೇ, ಬ್ಯಾಟರಿ ಇಲ್ಲ. ಆದರೆ ಒಳಗೆ ಸುತ್ತಿಗೆಯ ಬದಲು ಗಾಳಿಯ ಒತ್ತಡದಿಂದಲೇ ಜಾರುವ ಸ್ಪೂಲ್ ವಾಲ್ವ್ ಇರುವುದರಿಂದ ಮೆತ್ತಗೆ ಹಾರಿಸುತ್ತದೆ, ಸದ್ದೂ ಕಡಿಮೆ. ಕಣ್ಣಿಲ್ಲದಿದ್ದರೂ ಬೋಲ್ಟ್ ಮೆದುವಾಗಿ ತಳ್ಳುವುದರಿಂದ ಗುಂಡು ಒಡೆಯುವುದು ಅಪರೂಪ. ಕೊಳ್ಳುವ ಮೊದಲು ನಾನು ಮಾಡಿದ ಪರೀಕ್ಷೆ ಸರಳ. ಗನ್ನಿನಲ್ಲಿ ಗಾಳಿಯೂ ಇಲ್ಲ, ಗುಂಡೂ ಇಲ್ಲ, ಬ್ಯಾರಲ್‌ಗೆ ಕವರ್ ಹಾಕಿದೆ. ಹೆಗಲಿಗೆ ತಾಗುವ ಗಾಳಿಯ ಟ್ಯಾಂಕ್, ಮೇಲೆ ಹಾಪರ್ ಎರಡನ್ನೂ ಜೋಡಿಸಿ, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಂಡು ಬಂಕರ್ ಹಿಂದೆ ಕೂತೆ. ಮಾಸ್ಕಿನ ದವಡೆ ಟ್ಯಾಂಕ್‌ಗೆ ಬಡಿಯದೆ ಕಣ್ಣು ಬ್ಯಾರಲ್ ನೇರಕ್ಕೆ ಬರುತ್ತದೆಯೇ? ಆಮೇಲೆ ಎಡಗೈಗೆ ಬದಲಾಯಿಸಿ ಇನ್ನೊಂದು ಬದಿಯಿಂದ ಇಣುಕಿದೆ. ಮುಂದೆ ಆಡುವವರಿಗೆ ಎರಡೂ ಕೈ ಒಂದೇ ಥರ ನಡೆಯಬೇಕು, ಬರೀ ಬಲಗೈಯಲ್ಲಿ ಹಿಡಿದು ‘ಆಹಾ’ ಅಂದುಕೊಂಡರೆ ಉಪಯೋಗವಿಲ್ಲ. ಎದುರಿಗೆ ಗೆಳೆಯನನ್ನು ನಿಲ್ಲಿಸಿ ‘ಏನೇನು ಕಾಣ್ತಿದೆ, ಹೇಳೋ’ ಅಂದೆ. ಅವನು ‘ಹಾಪರ್ ತುದಿ, ಮೊಣಕೈ’ ಅಂದ. ಮೊಣಕೈಯನ್ನು ನಾನೇ ಒಳಗೆಳೆದುಕೊಂಡೆ, ಹಾಪರ್‌ಗೆ ಬದಲಾಗಿ ಚಿಕ್ಕದೊಂದನ್ನು ತಂದೆ. ಗುಂಡು ಕಡಿಮೆ ಹಿಡಿಯುತ್ತದೆ, ನನಗೆ ಸಾಕು.

ಗಾಳಿಯ ಬಗ್ಗೆ ಎರಡು ಮಾತು. ಈ ಗನ್ ಕಂಪ್ರೆಸ್ಡ್ ಏರ್‌ನಲ್ಲಿ ಮಾತ್ರ ನಡೆಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಾಕುವಂತಿಲ್ಲ. ಕಾರ್ಬನ್ ಡೈಆಕ್ಸೈಡ್‌ನ ಸಿಲಿಂಡರ್‌ನಲ್ಲಿ ಅನಿಲ ದ್ರವವಾಗಿ ಕೂತಿರುತ್ತದೆ. ಚಳಿಗೆ ಒತ್ತಡ ಇಳಿಯುತ್ತದೆ, ಬಿಡದೆ ಹೊಡೆದರೆ ಸಿಲಿಂಡರ್ ತಣ್ಣಗಾಗಿ ಮೇಲೆ ಹಿಮ ಕಟ್ಟಿ ಗುಂಡು ನಡುದಾರಿಯಲ್ಲೇ ಬೀಳಲು ಶುರುವಾಗುತ್ತದೆ. ಏರ್ ಟ್ಯಾಂಕ್‌ನಲ್ಲಿ ರೆಗ್ಯುಲೇಟರ್ ಇರುವುದರಿಂದ ಒಳಗೆ 3000 ಅಥವಾ 4500 ಪಿಎಸ್ಐ (ಒತ್ತಡದ ಅಳತೆ) ಇದ್ದರೂ ಗನ್ನಿಗೆ ಸಿಗುವುದು ಒಂದೇ ಸಮನಾದ ಕಡಿಮೆ ಒತ್ತಡ. ನೀವು ಆಡುವ ಜಾಗದಲ್ಲಿ ಎಷ್ಟು ಪಿಎಸ್ಐವರೆಗೆ ತುಂಬಿಕೊಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. 3000 ಮಾತ್ರ ತುಂಬುವ ಕಡೆ 4500ರ ಟ್ಯಾಂಕ್ ಕೊಂಡರೆ ಅದರ ಪೂರ್ತಿ ಲಾಭ ಸಿಗದು.

ಬ್ಯಾರಲ್ ವಿಷಯದಲ್ಲಿ ಉದ್ದಕ್ಕಿಂತ ಒಳಗಿನ ಅಳತೆ ಮುಖ್ಯ. 12ರಿಂದ 14 ಇಂಚು ಯಾರಿಗಾದರೂ ಸಾಕು. ಗುಂಡನ್ನು 0.68 ಇಂಚು ಎಂದು ಕರೆದರೂ ಡಬ್ಬದಿಂದ ಡಬ್ಬಕ್ಕೆ ಕೊಂಚ ಹೆಚ್ಚುಕಡಿಮೆ ಇರುತ್ತದೆ. ಮೇಲಿನ ಸಿಪ್ಪೆ ಜೆಲಾಟಿನ್ ಆದ್ದರಿಂದ ತೇವದ ಗಾಳಿಗೆ ಉಬ್ಬುತ್ತದೆ. ಬ್ಯಾರಲನ್ನು ಗನ್ನಿನಿಂದ ಬಿಚ್ಚಿ, ಹಿಂಬದಿಯಿಂದ ಗುಂಡು ಇಟ್ಟು ನೋಡುತ್ತೇನೆ. ತಾನಾಗಿ ಉರುಳಿ ಆಚೆ ಬಿದ್ದರೆ ಸಡಿಲ. ಕೆನ್ನೆ ಉಬ್ಬಿಸಿ ಊದಿದರೂ ಕದಲದಿದ್ದರೆ ಬಿಗಿ. ಅಲ್ಲೇ ನಿಂತು, ಹಗುರವಾಗಿ ಊದಿದಾಗ ‘ಪುಸ್’ ಎಂದು ಹೊರಬಂದರೆ ಸರಿಹೊಂದಿತು. ಬೇರೆ ಬೇರೆ ಒಳಅಳತೆಯ ಬ್ಯಾರಲ್ ತುಂಡುಗಳು ಸಿಗುತ್ತವೆ, ಒಂದೆರಡು ಜೊತೆಗಿದ್ದರೆ ಒಳ್ಳೆಯದು. ಬಿಗಿಗಿಂತ ಸಡಿಲವೇ ವಾಸಿ, ಒಳಗೆ ಒಡೆಯುವುದಾದರೂ ತಪ್ಪುತ್ತದೆ.

ದುಡ್ಡು ಹಂಚುವಾಗ ಮಾಸ್ಕ್‌ಗೆ ಮೊದಲ ಪಾಲು ಕೊಡಿ, ಎರಡು ಪದರದ ಥರ್ಮಲ್ ಲೆನ್ಸ್ ಇರುವಂಥದ್ದು. ಮಂಜು ಕಟ್ಟಿದ ಗಾಜಿನ ಹಿಂದಿನಿಂದ ಯಾವ ಗನ್ ಹಿಡಿದರೂ ಒಂದೇ. ಮತ್ತೆ, ಹಳೇ ಗನ್ ಕೊಳ್ಳುವವರು ಟ್ಯಾಂಕ್ ಮೇಲೆ ಕೆತ್ತಿರುವ ಅಥವಾ ಅಂಟಿಸಿರುವ ತಾರೀಖು ಓದಿ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು, ಅವಧಿ ಮೀರಿದ್ದಕ್ಕೆ ಗಾಳಿ ತುಂಬಿಕೊಡುವುದಿಲ್ಲ. ಗನ್ನಿಗೆ ಗಾಳಿ ಹಾಕಿಸಿ, ಕಿವಿಗೆ ಹತ್ತಿರ ಹಿಡಿದು ಸೋರುವ ಸದ್ದು ಕೇಳುತ್ತದೆಯೇ ನೋಡಿ. ಸೋರಿದರೂ ಗಾಬರಿ ಬೇಡ, ಹೆಚ್ಚಿನ ಸಲ ಅದು ಒಂದು ಒ-ರಿಂಗ್ (ರಬ್ಬರ್ ಬಳೆ) ಬದಲಾಯಿಸಿದರೆ ಮುಗಿಯುವ ಕೆಲಸ. ಆದರೆ ಬೆಲೆ ಇಳಿಸಲು ಅದನ್ನು ತೋರಿಸದೆ ಬಿಡಬೇಡಿ.